ಟರ್ಬೊ ಹಾಕಿಸಿದ ಕಾರು ಘಾಟ್ ಏರುವಾಗ ಮುಗ್ಗರಿಸುತ್ತಿದೆ. ಇಗ್ನಿಷನ್ ಕಾಯಿಲ್ ಬದಲಿಸಬೇಕೆ?

ಖಂಡಾಳದ ಏರಿನಲ್ಲಿ ಮಾತ್ರ ಎಂಜಿನ್ ಮುಗ್ಗರಿಸುತ್ತದೆ, ದೋಷ ಓದುವ ಸ್ಕ್ಯಾನರ್ ಪಿ0303 ಎಂಬ ಕೋಡ್ ತೋರಿಸುತ್ತದೆ, ಪುಣೆಯ ಗ್ಯಾರೇಜಿನವರು ನಾಲ್ಕೂ ಕಾಯಿಲ್ (ಪ್ಲಗ್‌ನ ಕಿಡಿಗೆ ವೋಲ್ಟೇಜ್ ಕೊಡುವ ಭಾಗ) ಬದಲಿಸಿ ಎಂದಿದ್ದಾರೆ ಎಂದು ಬರೆದಿದ್ದೀರಿ. ಅವಸರ ಬೇಡ. ಆ ಕೋಡ್ ಹೇಳುವುದು 3ನೇ ಸಿಲಿಂಡರ್ ಸರಿಯಾಗಿ ಉರಿಯುತ್ತಿಲ್ಲ ಎಂದಷ್ಟೇ. ಎಂಜಿನ್ ತಣ್ಣಗಾದ ಮೇಲೆ 1 ಮತ್ತು 3ನೇ ಕಾಯಿಲ್‌ಗಳನ್ನು ಅದಲುಬದಲು ಮಾಡಿ, ಕೋಡ್ ಅಳಿಸಿ, ಓಡಿಸಿ ನೋಡಿ. ಪಿ0301 ಬಂದರೆ, ಅಂದರೆ ದೋಷ ಕಾಯಿಲ್ ಜತೆ 1ನೇ ಸಿಲಿಂಡರಿಗೆ ಹೋದರೆ, ಕಾಯಿಲೇ ಕಳ್ಳ. ಪಿ0303 ಉಳಿದರೆ ಪ್ಲಗ್, ಪೆಟ್ರೋಲ್ ಸಿಂಪಡಿಸುವ ಇಂಜೆಕ್ಟರ್ ಪರೀಕ್ಷಿಸಿ.

ಟರ್ಬೊ ಎಂಜಿನ್‌ಗೆ ತುಂಬುವ ಗಾಳಿಯ ಒತ್ತಡ ಹೆಚ್ಚಿದಷ್ಟೂ ಕಿಡಿ ಹಾರಲು ಹೆಚ್ಚು ವೋಲ್ಟೇಜ್ ಬೇಕು. ಪ್ಲಗ್ ಗ್ಯಾಪ್ (ಕಿಡಿ ಹಾರುವ ಸಂದು) ಟರ್ಬೊ ಹಾಕಿಸುವ ಮುಂಚಿನ ಅಳತೆಯಲ್ಲೇ ಇದ್ದರೆ ಹೊಸ ಕಾಯಿಲೂ ಬೇಗ ಸೋಲುತ್ತದೆ. ಗ್ಯಾಪನ್ನು ಟ್ಯೂನರ್ (ಟರ್ಬೊಗೆ ತಕ್ಕಂತೆ ಎಂಜಿನ್ ಹೊಂದಿಸುವವರು) ಹೇಳಿದಷ್ಟಕ್ಕೆ, ಸಾಮಾನ್ಯವಾಗಿ 0.6–0.7 ಮಿ.ಮೀ.ಗೆ, ಇಳಿಸಿ. ಬಣ್ಣಬಣ್ಣದ ‘ರೇಸಿಂಗ್’ ಕಾಯಿಲ್‌ಗೆ ದುಡ್ಡು ಸುರಿಯಬೇಡಿ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸಲೇಬೇಡಿ, ಉರಿಯದ ಪೆಟ್ರೋಲ್ ಹೊಗೆ ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.