ಓದುಗರ ಪ್ರಶ್ನೆ, ನಮ್ಮ ಉತ್ತರ: ಮೇಷ್ಟ್ರು ಕುಲಪತಿಯಾದರೆ ವಿದ್ಯೆಗೆ ನಷ್ಟವೇ?

ಪ್ರಶ್ನೆ: ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಗಣಿತ ಓದುತ್ತಿದ್ದೇನೆ. ನಮ್ಮ ಆವರಣದ ಹೆಸರು ಪಾವಟೆನಗರ. ಪಾವಟೆಯವರೂ ಗಣಿತದವರೇ ಅಂತ ಮೊನ್ನೆ ಗೊತ್ತಾಯಿತು. ಅಷ್ಟು ಓದಿದವರು ಗಣಿತ ಬಿಟ್ಟು ಕಡತ ನೋಡುವ ಕೆಲಸಕ್ಕೆ ಯಾಕೆ ಹೋದರು? ಅದು ನಷ್ಟ ಅಲ್ವಾ?
– ಒಬ್ಬ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಗಣಿತಕ್ಕೆ ನಷ್ಟ ಆಗಿರಬಹುದು ತಂಗಿ. ಆದರೆ ಉತ್ತರ ಕರ್ನಾಟಕಕ್ಕೆ ಅದರಿಂದ ಆದ ಲಾಭ ತುಂಬಾ ದೊಡ್ಡದು.

ಡಿ.ಸಿ. ಪಾವಟೆ ಹುಟ್ಟಿದ್ದು 1899ರಲ್ಲಿ, ಗೋಕಾಕದ ಕಡೆಯ ಮಮದಾಪುರದಲ್ಲಿ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿ ಕೇಂಬ್ರಿಜ್‌ನ ಸಿಡ್ನಿ ಸಸೆಕ್ಸ್ ಕಾಲೇಜಿಗೆ ಹೋದರು, ಅಲ್ಲಿ ರ್‍ಯಾಂಗ್ಲರ್ ಆದರು. ಗಣಿತದ ಟ್ರೈಪಾಸ್ ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದವರನ್ನು ಅಲ್ಲಿ ಹಾಗೆ ಕರೆಯುತ್ತಾರೆ. ವಾಪಸ್ ಬಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದರು, ಆಮೇಲೆ ಮುಂಬೈ ಪ್ರಾಂತ್ಯದ ಶಿಕ್ಷಣ ಇಲಾಖೆ ಸೇರಿದರು, ಮುಂದೆ ಆ ಇಲಾಖೆಗೇ ಮುಖ್ಯಸ್ಥರಾದರು. ಆ ಕಾಲದಲ್ಲಿ ಇದು ಅಪರೂಪದ ದಾರಿಯೇನಲ್ಲ. ಪುಣೆಯ ರ್‍ಯಾಂಗ್ಲರ್ ಪರಾಂಜಪೆಯವರೂ ಮುಂದೆ ಲಖನೌ ವಿಶ್ವವಿದ್ಯಾಲಯದ ಕುಲಪತಿಯಾದರು.

1954ರಲ್ಲಿ ಪಾವಟೆಯವರು ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಕುಲಪತಿಯಾಗಿ ಬಂದಾಗ ಅದಕ್ಕೆ ಬರೀ ಐದು ವರ್ಷ. ಹುಟ್ಟಿದ್ದು 1949ರಲ್ಲಿ, ಅದೂ ಕಚೇರಿ ಇದ್ದದ್ದು ಮುಂಬೈಯಲ್ಲಿ. ಧಾರವಾಡಕ್ಕೆ ಬಂದದ್ದು ಮರುವರ್ಷ. ನೀವು ಈಗ ಕ್ಲಾಸಿನಿಂದ ಲೈಬ್ರರಿಗೆ ಅಂತ ಓಡಾಡುವ ಛೋಟಾ ಮಹಾಬಳೇಶ್ವರದ ಗುಡ್ಡ ಇದೆಯಲ್ಲ, ಆ ಗುಡ್ಡದ ಮೇಲೆ ಒಂದು ದೊಡ್ಡ ವಿಶ್ವವಿದ್ಯಾಲಯ ಎದ್ದು ನಿಂತದ್ದು ಅವರ ಕಾಲದಲ್ಲಿ. 1956ರಲ್ಲಿ ರಾಜ್ಯ ಒಂದಾದಾಗ ಇನ್ನೊಂದು ಹೊರೆ ಬಂತು. ಅಲ್ಲಿಯವರೆಗೆ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಕಡೆ ನೋಡುತ್ತಿದ್ದ ಬೀದರ್, ಗುಲ್ಬರ್ಗ, ರಾಯಚೂರಿನ ಕಾಲೇಜುಗಳು ಧಾರವಾಡದ ಕೆಳಗೆ ಬಂದವು. ಬೇರೆ ಪಠ್ಯಕ್ರಮ, ಬೇರೆ ಪರೀಕ್ಷೆ ಪದ್ಧತಿ, ಉರ್ದು ಆಡಳಿತದಲ್ಲಿ ಬೆಳೆದ ಊರುಗಳು. ಅದನ್ನೆಲ್ಲ ಒಂದು ವ್ಯವಸ್ಥೆಗೆ ತರುವುದು ಸುಮ್ನೆ ಆಗುವ ಕೆಲಸವಲ್ಲ.

ಇಲ್ಲಿ ಒಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಅವರು ಆ ಕುರ್ಚಿಯಲ್ಲಿ ಇದ್ದದ್ದು 1967ರವರೆಗೆ, ಅಂದರೆ ಹದಿಮೂರು ವರ್ಷ. ಈಗಿನ ಕುಲಪತಿಗೆ ಸಿಗುವುದು ನಾಲ್ಕು. ಅದರಲ್ಲಿ ಮೊದಲ ವರ್ಷ ಜಾಗ ಅರ್ಥ ಮಾಡಿಕೊಳ್ಳುವುದಕ್ಕೇ ಹೋಗುತ್ತದೆ, ಕೊನೆಯ ವರ್ಷ ಇವರು ಹೇಗೂ ಹೋಗುವವರು ಅಂತ ಯಾರೂ ಮಾತು ಕೇಳುವುದಿಲ್ಲ. ಹಾಗಾಗಿ ಪಾವಟೆಯವರ ಜೊತೆ ಈಗಿನವರನ್ನು ಹೋಲಿಸಿ ಬೈಯುವುದು ನ್ಯಾಯವಲ್ಲ.

ಅಲ್ಲಿಂದ ಅವರು ಪಂಜಾಬಿನ ರಾಜ್ಯಪಾಲರಾಗಿ ಹೋದರು, 1973ರವರೆಗೆ ಅಲ್ಲಿದ್ದರು. ಅವರ ಹೆಸರಿನ ಫೆಲೋಶಿಪ್ ಕೂಡ ಇದೆ. ಅದರಲ್ಲಿ ಕರ್ನಾಟಕದ ಸಂಶೋಧಕರು ಅವರು ಓದಿದ ಸಿಡ್ನಿ ಸಸೆಕ್ಸ್ ಕಾಲೇಜಿಗೇ ಹೋಗಿಬಂದಿದ್ದಾರೆ. ನಿಮ್ಮ ವಿಭಾಗದಲ್ಲಿ ಕೇಳಿ ನೋಡಿ, ಮುಂದೆ ನಿಮಗೂ ಉಪಯೋಗಕ್ಕೆ ಬರಬಹುದು.

ಪ್ರಶ್ನೆ: ನಾನು ಕನ್ನಡ ಪ್ರಾಧ್ಯಾಪಕ. ಶಾಸನಗಳ ಮೇಲೆ ಕೆಲಸ ಮಾಡುತ್ತಿದ್ದೇನೆ, ಅರ್ಧ ಆಗಿದೆ. ಈಗ ಕುಲಸಚಿವ (ರಿಜಿಸ್ಟ್ರಾರ್) ಹುದ್ದೆಗೆ ಬನ್ನಿ ಅಂತ ಕೇಳುತ್ತಿದ್ದಾರೆ. ‘ಹೋದರೆ ನಿನ್ನ ಬರವಣಿಗೆ ಮುಗಿಯಿತು’ ಅಂತ ನಮ್ಮ ಗುರುಗಳು ಹೇಳುತ್ತಾರೆ. ಏನು ಮಾಡಲಿ?
– ಹೆಸರು ಬೇಡ, ಮಂಡ್ಯ

ಉತ್ತರ: ಮೇಷ್ಟ್ರೇ, ನಿಮ್ಮ ಗುರುಗಳ ಮಾತನ್ನು ತಳ್ಳಿಹಾಕಬೇಡಿ. ಕುಲಸಚಿವರ ಮೇಜಿನ ಮೇಲೆ ದಿನಾ ಏನು ಬರುತ್ತದೆ ಅಂತ ನಿಮಗೂ ಗೊತ್ತು. ಸಂಯೋಜಿತ ಕಾಲೇಜೊಂದರ ಸೀಟು ಹೆಚ್ಚಿಸುವ ಕಡತ, ಸಂಬಳ ಬಂದಿಲ್ಲ ಅಂತ ಅತಿಥಿ ಉಪನ್ಯಾಸಕರ ಮನವಿ, ಮಾಹಿತಿ ಹಕ್ಕಿನ ಅರ್ಜಿ, ಕೋರ್ಟಿನ ನೋಟಿಸ್, ನಾಳೆಯ ಸಿಂಡಿಕೇಟ್ (ವಿಶ್ವವಿದ್ಯಾಲಯದ ಆಡಳಿತ ಮಂಡಳಿ) ಸಭೆಯ ಟಿಪ್ಪಣಿ. ಅಷ್ಟರಲ್ಲಿ ಹೊರಗೆ ವಿದ್ಯಾರ್ಥಿಗಳ ಧರಣಿ. ರಾತ್ರಿ ಮನೆಗೆ ಬಂದು ಹಳಗನ್ನಡದ ಸಾಲೊಂದನ್ನು ಓದುವ ತಲೆ ಉಳಿದಿರುವುದಿಲ್ಲ.

ಆದರೂ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಅಲ್ಲಿ ಕೂತು ಯಾವ ಕೆಲಸ ಮಾಡಿಸಬೇಕು ಅಂತ ನಿಮಗೆ ಈಗಲೇ ಗೊತ್ತಿದೆಯಾ? ಗೊತ್ತಿದ್ದರೆ ಹೋಗಿ. ಕುವೆಂಪು ಅವರಿಗೆ ಗೊತ್ತಿತ್ತು. 1929ರಲ್ಲಿ ಮಹಾರಾಜ ಕಾಲೇಜಿನಲ್ಲಿ ಅಧ್ಯಾಪಕರಾಗಿ ಸೇರಿದವರು, 1955ರಲ್ಲಿ ಅದೇ ಕಾಲೇಜಿನ ಪ್ರಿನ್ಸಿಪಾಲ್, 1956ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಕುಲಪತಿ. ಇದ್ದದ್ದು ನಾಲ್ಕೇ ವರ್ಷ, ಈಗಿನವರಿಗೆ ಸಿಗುವಷ್ಟೇ. ಸ್ನಾತಕೋತ್ತರ ಪಾಠ, ಸಂಶೋಧನೆ ಎಲ್ಲ ಒಂದೇ ಕಡೆ ಇರಬೇಕು ಅನ್ನುವುದು ಅವರ ಆಸೆ. ಕುಕ್ಕರಹಳ್ಳಿ ಕೆರೆಯ ಪಕ್ಕ ಮಾನಸಗಂಗೋತ್ರಿ ಆವರಣ ಆದದ್ದು ಹಾಗೆ. ಅವರ ಶಿಷ್ಯ ದೇಜಗೌ (ದೇ. ಜವರೇಗೌಡ) ಅದೇ ದಾರಿ ಹಿಡಿದರು. 1966ರಲ್ಲಿ ಕನ್ನಡ ಅಧ್ಯಯನ ಸಂಸ್ಥೆ ಶುರುವಾದಾಗ ಅದರ ನಿರ್ದೇಶಕರು, 1969ರಿಂದ 1975ರವರೆಗೆ ಕುಲಪತಿ. ವಿಶ್ವಕೋಶ, ಶಾಸನ ಸಂಪುಟಗಳ ಪರಿಷ್ಕರಣೆ, ಜಾನಪದ ವಸ್ತುಸಂಗ್ರಹಾಲಯ, ಇವೆಲ್ಲ ಆ ಸಂಸ್ಥೆಯ ಕೆಲಸಗಳು. ನೀವು ಇವತ್ತು ಟೇಬಲ್ ಮೇಲೆ ಇಟ್ಟುಕೊಂಡಿರುವ ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನ ಸಂಪುಟಗಳ ಹೊಸ ಆವೃತ್ತಿ, ಯಾರೋ ಒಬ್ಬರು ಆಡಳಿತದ ಕುರ್ಚಿಯಲ್ಲಿ ಕೂತು ಹಣ ಮಂಜೂರು ಮಾಡಿಸಿದ್ದಕ್ಕೇ ಬಂದದ್ದು ಅಲ್ವಾ?

ವಾಪಸ್ ಬರುವುದಕ್ಕೆ ಆಗುತ್ತಾ ಅಂತಲೂ ನಿಮಗೆ ಭಯ ಇರಬಹುದು. ಎಂ.ಎಂ. ಕಲಬುರ್ಗಿಯವರನ್ನು ನೋಡಿ. 1998ರಿಂದ 2001ರವರೆಗೆ ಹಂಪಿ ಕನ್ನಡ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು. ಮುಗಿಸಿ ಮತ್ತೆ ಸಂಶೋಧನೆಗೇ ಕೂತರು. ಅವರ ಸಂಶೋಧನಾ ಲೇಖನಗಳ ಸಂಗ್ರಹ ‘ಮಾರ್ಗ’ದ ನಾಲ್ಕನೇ ಸಂಪುಟಕ್ಕೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 2006ರಲ್ಲಿ. 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಅವರನ್ನು ಗುಂಡಿಟ್ಟು ಕೊಂದರು. ಆ ನೋವು ಇನ್ನೂ ಹೋಗಿಲ್ಲ.

ನೀವು ಹೋಗುವುದಾದರೆ ಪಿಎಚ್.ಡಿ. ವಿದ್ಯಾರ್ಥಿಗಳನ್ನು ಬಿಟ್ಟುಕೊಡಬೇಡಿ, ವಾರಕ್ಕೆ ಒಂದಾದರೂ ಕ್ಲಾಸ್ ತೆಗೆದುಕೊಳ್ಳಿ. ಅರ್ಧ ಆಗಿರುವ ಪುಸ್ತಕದ ಟಿಪ್ಪಣಿಗಳನ್ನು ಹೋಗುವ ಮುಂಚೆ ಕ್ರಮವಾಗಿ ಜೋಡಿಸಿಡಿ. ಆ ಹುದ್ದೆಯಲ್ಲಿ ಏನು ಮಾಡಬೇಕು ಅಂತ ಯೋಚಿಸಿದರೂ ಒಂದು ಕೆಲಸವೂ ಹೊಳೆಯದಿದ್ದರೆ, ಬರೀ ಕಾರು, ಕ್ವಾರ್ಟರ್ಸ್ ಕಣ್ಮುಂದೆ ಬಂದರೆ, ದಯವಿಟ್ಟು ಶಾಸನದ ಜೊತೆಯೇ ಇರಿ.

ಪ್ರಶ್ನೆ: ಕುಲಪತಿಯನ್ನು ಆರಿಸುವುದು ಯಾರು? ಮಂತ್ರಿಗಳಾ?
– ಒಬ್ಬ ಓದುಗ, ಹಾಸನ

ಉತ್ತರ: ನಮ್ಮ ರಾಜ್ಯದ ಸಾಮಾನ್ಯ ವಿಶ್ವವಿದ್ಯಾಲಯಗಳಿಗೆ 2000ದ ಕಾಯ್ದೆ ಇದೆ. ಅದರ ಪ್ರಕಾರ ಮೊದಲು ಒಂದು ಶೋಧನಾ ಸಮಿತಿ. ಅದರಲ್ಲಿ ಕುಲಾಧಿಪತಿ, ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ), ಸರ್ಕಾರ, ಸಿಂಡಿಕೇಟ್ ಇವರ ಕಡೆಯಿಂದ ಒಬ್ಬೊಬ್ಬರು. ಅವರು ಕೊಟ್ಟ ಹೆಸರುಗಳಲ್ಲಿ ಒಬ್ಬರನ್ನು ಕುಲಾಧಿಪತಿಯಾದ ರಾಜ್ಯಪಾಲರು ಸರ್ಕಾರದ ಒಪ್ಪಿಗೆಯೊಂದಿಗೆ ನೇಮಿಸುತ್ತಾರೆ. ಯುಜಿಸಿಯ 2018ರ ನಿಯಮದಲ್ಲಿ ಪ್ರೊಫೆಸರ್ ಆಗಿ ಹತ್ತು ವರ್ಷ ಅನುಭವ ಕೇಳುತ್ತಾರೆ. ಈ ಪ್ರಕ್ರಿಯೆ ಎಳೆದಾಡಿದಾಗೆಲ್ಲ ಹಂಗಾಮಿ ಕುಲಪತಿ ಬರುತ್ತಾರೆ. ನನಗೆ ಹೆಚ್ಚು ಬೇಸರ ಇರುವುದು ಇದರ ಬಗ್ಗೆ. ಹಂಗಾಮಿ ಅಂದ ಮೇಲೆ ದೊಡ್ಡ ತೀರ್ಮಾನಗಳನ್ನು ಹೊಸಬರು ಬರಲಿ ಅಂತ ಬಾಕಿ ಇಡುತ್ತಾರೆ, ಸಂಶೋಧನಾ ವಿದ್ಯಾರ್ಥಿಗಳು ಕಾಯುತ್ತಾ ಕೂರಬೇಕಾಗುತ್ತದೆ. ಹಳಬರ ಅವಧಿ ಮುಗಿಯುವ ಆರು ತಿಂಗಳು ಮುಂಚೆಯೇ ಸಮಿತಿ ರಚಿಸಿ ಅಂತ ಓದುಗರೇ ಸರ್ಕಾರಕ್ಕೆ ಬರೆದು ಕೇಳಬೇಕು.