ಅಭಿಜಿತ್ ನಕ್ಷತ್ರದ ವೇಗ: 11,876 ಅಲ್ಲ, 12.7

ಅಭಿಜಿತ್‌ನ (ಇಂಗ್ಲಿಷಿನಲ್ಲಿ Vega) ಅಡ್ಡವೇಗ, ಅಂದರೆ ನಮ್ಮ ದೃಷ್ಟಿರೇಖೆಗೆ ಅಡ್ಡವಾಗಿ ಸಾಗುವ ವೇಗ, ಸೆಕೆಂಡಿಗೆ 11,876 ಕಿ.ಮೀ. ಬಂತು, ಎಲ್ಲಿ ತಪ್ಪಿದೆ ಅಂತ ಕೇಳಿದ್ದೀರಿ. ತಪ್ಪು ಒಂದಲ್ಲ, ಎರಡಿವೆ.

ಸೂತ್ರ ಸರಿಯಾಗಿದೆ: 4.74 × ಸ್ವಚಲನೆ ÷ ಪ್ಯಾರಲಾಕ್ಸ್. ಸ್ವಚಲನೆ ಅಂದರೆ ನಕ್ಷತ್ರ ಆಕಾಶದಲ್ಲಿ ವರ್ಷಕ್ಕೆ ಜರುಗುವ ಕೋನ; ಪ್ಯಾರಲಾಕ್ಸ್ ಅಂದರೆ ಭೂಮಿ ಸೂರ್ಯನನ್ನು ಸುತ್ತುವುದರಿಂದ ಅದು ಜರುಗಿದಂತೆ ಕಾಣುವ ಕೋನ, ದೂರ ಸಿಗುವುದು ಇದರಿಂದ. (ಭೂಮಿ–ಸೂರ್ಯರ ನಡುವಿನ ದೂರವನ್ನು ಒಂದು ವರ್ಷದಲ್ಲಿ ದಾಟಿದರೆ ಸೆಕೆಂಡಿಗೆ 4.74 ಕಿ.ಮೀ., ಆ ಅಂಕಿ ಬಂದದ್ದು ಅಲ್ಲಿಂದ.) ಆದರೆ ಸ್ವಚಲನೆಯನ್ನು ಮಿಲಿ ಆರ್ಕ್‌ಸೆಕೆಂಡಿನಲ್ಲೇ (ಆರ್ಕ್‌ಸೆಕೆಂಡ್ ಡಿಗ್ರಿಯ 3600ನೇ ಒಂದು ಭಾಗ, ಮಿಲಿ ಅದರ ಸಾವಿರದ ಒಂದು ಭಾಗ) ಬಿಟ್ಟು ಪ್ಯಾರಲಾಕ್ಸನ್ನು ಮಾತ್ರ ಆರ್ಕ್‌ಸೆಕೆಂಡಿಗೆ ಇಳಿಸಿದ್ದೀರಿ. ಉತ್ತರ ಸಾವಿರ ಪಟ್ಟು ಉಬ್ಬಿದೆ. ಸೂರ್ಯನ ನೆರೆಯ ಬಹುಪಾಲು ನಕ್ಷತ್ರಗಳ ವೇಗ ಎರಡಂಕಿ ದಾಟುವುದಿಲ್ಲ, ಐದಂಕಿ ಕಂಡ ಕೂಡಲೇ ಯೂನಿಟ್ ನೋಡಿ.

ಎರಡನೆಯದು ಮೋಸದ ತಪ್ಪು. ಸಾವಿರದಿಂದ ಭಾಗಿಸಿದರೂ 11.88 ಬರುತ್ತದೆ, ನಂಬುವ ಹಾಗೇ ಇದೆ. ಹಿಪಾರ್ಕಸ್ (ನಕ್ಷತ್ರಗಳ ಸ್ಥಾನ ಅಳೆದ ಉಪಗ್ರಹ) ಪಟ್ಟಿಯ ಆರ್‌ಎ (ಪೂರ್ವ–ಪಶ್ಚಿಮ, ಆಕಾಶದ ರೇಖಾಂಶ) ಸ್ವಚಲನೆಯಲ್ಲಿ ಡೆಕ್‌ನ (ಉತ್ತರ–ದಕ್ಷಿಣ, ಆಕಾಶದ ಅಕ್ಷಾಂಶ) ಕೊಸೈನ್ ಆಗಲೇ ಸೇರಿರುತ್ತದೆ. ಅದನ್ನು ನೀವು ಇನ್ನೊಮ್ಮೆ ಗುಣಿಸಿದ್ದೀರಿ. ಹಾಗೇ ತೆಗೆದುಕೊಳ್ಳಿ: ಆರ್‌ಎ 200.94, ಡೆಕ್ 286.23. ವರ್ಗ ಕೂಡಿ ಮೂಲ ತೆಗೆದರೆ ವರ್ಷಕ್ಕೆ 349.7 ಮಿಲಿ ಆರ್ಕ್‌ಸೆಕೆಂಡ್. ಪ್ಯಾರಲಾಕ್ಸ್ 130.23. ಉತ್ತರ ಸೆಕೆಂಡಿಗೆ 12.7 ಕಿ.ಮೀ.

ಒಟ್ಟು ವೇಗಕ್ಕೆ ದೃಷ್ಟಿರೇಖೆಯ ವೇಗವೂ ಬೇಕು. ಇಲ್ಲಿ ಪಟ್ಟಿಗಳೇ ಒಪ್ಪುವುದಿಲ್ಲ: ಒಂದರಲ್ಲಿ −13.9, ಇನ್ನೊಂದರಲ್ಲಿ −20.6. ಮೈನಸ್ ಅಂದರೆ ನಮ್ಮ ಕಡೆಗೆ ಬರುತ್ತಿದೆ. ಮೊದಲನೆಯದರಿಂದ ಒಟ್ಟು 19, ಎರಡನೆಯದರಿಂದ 24. ಯಾವುದು ಬಳಸಿದಿರಿ ಅಂತ ಪಕ್ಕದಲ್ಲೇ ಬರೆದಿಡಿ. ಈ ವೇಗ ಅಳೆಯುವುದು ವರ್ಣಪಟಲದ ಗೆರೆಗಳು ಎಷ್ಟು ಜರುಗಿವೆ ಅಂತ ನೋಡಿ; ಇಂಥ ಬಿಸಿ ಬಿಳಿ ನಕ್ಷತ್ರಗಳಲ್ಲಿ ಗೆರೆಗಳು ಕಡಿಮೆ, ಹೈಡ್ರೋಜನ್ ಗೆರೆಗಳಂತೂ ಅಗಲ. ಅಗಲ ಗೆರೆಯ ನಡುವನ್ನು ಹಿಡಿಯುವುದು ಕಷ್ಟ.

ಗೆರೆಗಳಿಂದ ಅಭಿಜಿತ್ ತನ್ನ ಸುತ್ತ ತಿರುಗುವ ವೇಗ ಸೆಕೆಂಡಿಗೆ ಸುಮಾರು 20 ಕಿ.ಮೀ. ಬಂತು, ನಿಧಾನದ ನಕ್ಷತ್ರ ಅಂದಿದ್ದೀರಿ. ಅಲ್ಲ. ಅದರ ಧ್ರುವ ಹೆಚ್ಚುಕಮ್ಮಿ ನಮ್ಮ ಕಡೆಗೇ ಇದೆ, ತಿರುಗುವ ಬುಗುರಿಯನ್ನು ಮೇಲಿನಿಂದ ನೋಡಿದಂತೆ. ಗೆರೆಗಳಲ್ಲಿ ಕಾಣುವುದು ದೃಷ್ಟಿರೇಖೆಯ ಚಲನೆ ಮಾತ್ರ. ಸಮಭಾಜಕದಲ್ಲಿ ನಿಜವಾದ ವೇಗ ಸುಮಾರು 200 ಕಿ.ಮೀ. ಅದಕ್ಕೇ ನಡು ಉಬ್ಬಿದೆ, ಧ್ರುವಕ್ಕಿಂತ ತಣ್ಣಗೂ ಇದೆ.

ಇನ್ನು ಹತ್ತು ವರ್ಷದ ಅಂತರದ ಎರಡು ಫೋಟೋದಲ್ಲಿ ಚಲನೆ ಕಾಣುತ್ತದೆಯೇ? ಕಾಣುತ್ತದೆ, 3.5 ಆರ್ಕ್‌ಸೆಕೆಂಡ್; ಪಿಕ್ಸೆಲ್‌ಗೆ 1 ಆರ್ಕ್‌ಸೆಕೆಂಡ್ ಇದ್ದರೆ ಮೂರೂವರೆ ಪಿಕ್ಸೆಲ್. ತೊಂದರೆ ಹೊಳಪಿನದು. ಹಿನ್ನೆಲೆಯ ಸಣ್ಣ ನಕ್ಷತ್ರ ಬರುವಷ್ಟು ಎಕ್ಸ್‌ಪೋಶರ್ ಕೊಟ್ಟರೆ ಅಭಿಜಿತ್ ಸುಟ್ಟು ಬಿಳಿ ಉಂಡೆಯಾಗುತ್ತದೆ, ನಡು ಸಿಗುವುದಿಲ್ಲ. ನ್ಯೂಟೋನಿಯನ್ (ಕನ್ನಡಿ ಬಳಸುವ) ದೂರದರ್ಶಕವಾದರೆ ಸ್ಪೈಕುಗಳ (ಹೊಳೆಯುವ ನಕ್ಷತ್ರದಿಂದ ಚಾಚುವ ಬೆಳಕಿನ ಗೆರೆಗಳು) ಮೇಲೆ ಗೆರೆ ಎಳೆದು, ಅವು ಕೂಡುವ ಬಿಂದುವನ್ನು ನಡು ಅಂತ ಹಿಡಿಯಿರಿ. ಎರಡೂ ಫೋಟೋ ವರ್ಷದ ಒಂದೇ ತಿಂಗಳಲ್ಲಿರಲಿ. ಆರು ತಿಂಗಳ ಅಂತರ ಬಿದ್ದರೆ ಪ್ಯಾರಲಾಕ್ಸ್ ಒಂದೇ 0.26 ಆರ್ಕ್‌ಸೆಕೆಂಡಿನವರೆಗೆ ಜರುಗಿಸುತ್ತದೆ, ಅಂದರೆ ಮುಕ್ಕಾಲು ವರ್ಷದ ಚಲನೆಯಷ್ಟು.