ಬಾಂಡ್ ಮನೆಗೆ ಹೊಸ ಯಜಮಾನರು: ಓದುಗರ ಪ್ರಶ್ನೆ, ನಮ್ಮ ಉತ್ತರ

ಹಾಸನ, ಚಿಕ್ಕಮಗಳೂರು ಕಡೆಯಿಂದ ಈ ಸಲ ಬಂದ ಸಿನಿಮಾ ಪತ್ರಗಳಲ್ಲಿ ಜೇಮ್ಸ್ ಬಾಂಡ್‌ನದೇ ಮಾತು. ಸರಣಿ ಅಮೆಜಾನ್ ಕೈಗೆ ಹೋದದ್ದರಿಂದ ಕೆಲವರಿಗೆ ಸಿಟ್ಟು, ಕೆಲವರಿಗೆ ಆಸೆ, ಇನ್ನು ಕೆಲವರಿಗೆ ಅದರಲ್ಲಿ ತಮಗೇನಾದರೂ ಸಿಕ್ಕೀತೇ ಎಂಬ ಲೆಕ್ಕಾಚಾರ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿಕೊಂಡಿದ್ದೇವೆ.

ಅಮೆಜಾನ್ ಬಾಂಡ್‌ನನ್ನು ಕೊಂಡುಕೊಂಡಿತು ಎಂದು ಒಬ್ಬರು, ಹಳೆಯ ನಿರ್ಮಾಪಕರ ಮನೆಯವರು ಈಗಲೂ ಪಾಲುದಾರರು ಎಂದು ಇನ್ನೊಬ್ಬರು. ಯಾವುದನ್ನು ನಂಬುವುದು?
– ಕಾಲೇಜು ವಿದ್ಯಾರ್ಥಿ, ಹಾಸನ

ಎರಡನ್ನೂ ನಂಬಿ. ಇಲ್ಲಿ ಎರಡು ವ್ಯವಹಾರ ನಡೆದಿವೆ, ಜನ ಅವನ್ನು ಒಂದೇ ಎಂದುಕೊಂಡಿದ್ದಾರೆ. ಮೊದಲನೆಯದು ಹಾಲಿವುಡ್‌ನ ಎಂಜಿಎಂ ಸ್ಟುಡಿಯೋ ಖರೀದಿ. 845 ಕೋಟಿ ಡಾಲರ್‌ಗೆ 2021ರ ಮೇನಲ್ಲಿ ಮಾತಾಯಿತು, 2022ರ ಮಾರ್ಚ್‌ನಲ್ಲಿ ಮುಗಿಯಿತು. ಬಾಂಡ್ ಚಿತ್ರಗಳ ಹಕ್ಕಿನಲ್ಲಿ ಎಂಜಿಎಂಗೆ ಪಾಲಿತ್ತು, ಆ ಪಾಲು ಅಮೆಜಾನ್‌ಗೆ ಬಂತು. ಆದರೆ ನಟ ಯಾರು, ಕಥೆ ಯಾವುದು, ಚಿತ್ರ ಯಾವಾಗ ಎಂಬ ತೀರ್ಮಾನ ಬಾರ್ಬರಾ ಬ್ರಾಕೊಲಿ ಮತ್ತು ಮೈಕೆಲ್ ವಿಲ್ಸನ್ ಅವರ ಕೈಯಲ್ಲೇ ಉಳಿಯಿತು. ಇವರಿಬ್ಬರೂ ಒಂದೇ ತಾಯಿಯ ಮಕ್ಕಳು. 1962ರಲ್ಲಿ ಹ್ಯಾರಿ ಸಾಲ್ಟ್ಸ್‌ಮನ್ ಜೊತೆಗೂಡಿ ಮೊದಲ ಚಿತ್ರ ತೆಗೆದ ಆಲ್ಬರ್ಟ್ ಬ್ರಾಕೊಲಿಯವರ ಮನೆಯವರು.

ಎರಡನೆಯದು 2025ರ ಫೆಬ್ರವರಿ 20ರ ಘೋಷಣೆ. ಅಮೆಜಾನ್ ಮತ್ತು ಇವರಿಬ್ಬರು ಸೇರಿ ಒಂದು ಜಂಟಿ ಸಂಸ್ಥೆ ಮಾಡಿಕೊಂಡರು. ಒಡೆತನದಲ್ಲಿ ಅಣ್ಣ-ತಂಗಿಯರ ಪಾಲು ಉಳಿಯಿತು, ಚಿತ್ರ ಹೇಗಿರಬೇಕು ಎಂಬ ಅಧಿಕಾರ ಅಮೆಜಾನ್ ಎಂಜಿಎಂಗೆ ಹೋಯಿತು. ನಿಮ್ಮ ಕಡೆಯ ಮಾತಲ್ಲಿ ಹೇಳುವುದಾದರೆ, ತೋಟದ ಪಹಣಿಯಲ್ಲಿ ಮನೆಯವರ ಹೆಸರು ಹಾಗೇ ಇದೆ, ಆದರೆ ಯಾವ ಗಿಡ ಕಿತ್ತು ಎಲ್ಲಿ ಹೊಸ ಕಾಫಿ ಹಾಕಬೇಕು ಎನ್ನುವವರು ಬೇರೆ.

ಅಭಿಮಾನಿಗಳು ಗಮನಿಸಬೇಕಾದ ದಿನ ಈ ಎರಡನೆಯದು. ಸ್ಟುಡಿಯೋ ಕೈ ಬದಲಾಗುವುದು ಬಾಂಡ್‌ಗೆ ಹೊಸದೇನಲ್ಲ. ಸಾಲ್ಟ್ಸ್‌ಮನ್ 1975ರಲ್ಲೇ ತಮ್ಮ ಪಾಲನ್ನು ಯುನೈಟೆಡ್ ಆರ್ಟಿಸ್ಟ್ಸ್‌ಗೆ ಮಾರಿದರು, ಆ ಸಂಸ್ಥೆಯನ್ನು 1981ರಲ್ಲಿ ಎಂಜಿಎಂ ಕೊಂಡಿತು. ಅಷ್ಟೆಲ್ಲ ಆದರೂ ‘ಇದು ಬೇಡ’ ಎನ್ನುವ ಬಾಯಿ ಒಂದೇ ಮನೆಯದಾಗಿತ್ತು. 2025ರಲ್ಲಿ ಬದಲಾದದ್ದು ಆ ಬಾಯಿ.

ಸ್ಟಾರ್ ವಾರ್ಸ್ ಡಿಸ್ನಿ ಪಾಲಾದ ಮೇಲೆ ಹಳಸಿತು. ಬಾಂಡ್‌ಗೂ ಅದೇ ಗತಿಯಲ್ಲವೇ? ನಮ್ಮ ಗೆಳೆಯರ ಗುಂಪಿನಲ್ಲಿ ದಿನವೂ ಇದೇ ಜಗಳ.
– ಚಿಕ್ಕಮಗಳೂರಿನ 4 ಓದುಗರು

ಜಗಳಕ್ಕೆ ಸ್ವಲ್ಪ ಸರಕು ಕೊಡುತ್ತೇವೆ. ಡಿಸ್ನಿ 2012ರ ಅಕ್ಟೋಬರ್‌ನಲ್ಲಿ, ಸ್ಟಾರ್ ವಾರ್ಸ್ ತೆಗೆಯುವ ಲ್ಯೂಕಾಸ್‌ಫಿಲ್ಮ್ ಸಂಸ್ಥೆಯ ಖರೀದಿ ಪ್ರಕಟಿಸಿತು, ಬೆಲೆ 405 ಕೋಟಿ ಡಾಲರ್. 2015ರ ಡಿಸೆಂಬರ್‌ನಿಂದ 2019ರ ಡಿಸೆಂಬರ್ ಒಳಗೆ 5 ಚಿತ್ರ ಬಂದವು. ಎಡವಟ್ಟಾದದ್ದು ಈ ವೇಗದಲ್ಲಿ. ‘ಸೋಲೊ’ ಚಿತ್ರದ ಇಬ್ಬರು ನಿರ್ದೇಶಕರನ್ನು 2017ರ ಜೂನ್‌ನಲ್ಲಿ, ಚಿತ್ರೀಕರಣ ಬಹುಪಾಲು ಮುಗಿದಿರುವಾಗಲೇ ತೆಗೆದು ರಾನ್ ಹೋವರ್ಡ್ ಅವರನ್ನು ಕರೆಸಿದರು. ಅದೇ ವರ್ಷ ಒಂಬತ್ತನೆಯ ಅಧ್ಯಾಯದ ನಿರ್ದೇಶಕರನ್ನೂ ಬದಲಿಸಿದರು. ಮೂರು ಭಾಗದ ಕಥೆಯ ಏಳನೆಯ ಅಧ್ಯಾಯದಲ್ಲಿ ಕಟ್ಟಿದ್ದನ್ನು ಎಂಟನೆಯದು ಬಿಚ್ಚಿತು, ಎಂಟರಲ್ಲಿ ಬಿಚ್ಚಿದ್ದನ್ನು ಒಂಬತ್ತನೆಯದು ಮತ್ತೆ ಹೊಲಿಯಿತು. 2018ರ ಮೇನಲ್ಲಿ ‘ಸೋಲೊ’ ಬಂದಾಗ ಅದರ ಹಿಂದಿನ ಚಿತ್ರ ತೆರೆಕಂಡು 5 ತಿಂಗಳಷ್ಟೇ ಆಗಿತ್ತು. ಹಾಕಿದ ಹಣ ಹುಟ್ಟಲಿಲ್ಲ. ಅವಸರ ಹೆಚ್ಚಾಯಿತೆಂದು ಡಿಸ್ನಿ ಮುಖ್ಯಸ್ಥರಾಗಿದ್ದ ಬಾಬ್ ಐಗರ್ ಅವರೇ ಒಪ್ಪಿಕೊಂಡರು.

ಆದರೆ ಎಲ್ಲ ತಪ್ಪೂ ಡಿಸ್ನಿಯದೇ ಎಂದರೆ ಅದು ಅರ್ಧ ನ್ಯಾಯ. 2016ರ ‘ರೋಗ್ ಒನ್’, 2019ರಲ್ಲಿ ಶುರುವಾದ ‘ಮ್ಯಾಂಡಲೋರಿಯನ್’ ಅದೇ ಯಜಮಾನರ ಕಾಲದವು. ಅವನ್ನು ಹಳೆಯ ಅಭಿಮಾನಿಗಳೇ ಮೆಚ್ಚಿಕೊಂಡರಲ್ಲ?

ಬಾಂಡ್‌ನ ರಚನೆಯೇ ಬೇರೆ. ಸ್ಟಾರ್ ವಾರ್ಸ್ ಒಂದು ಲೋಕ, ಅಲ್ಲಿ ನೂರು ಪಾತ್ರಕ್ಕೆ ನೂರು ಕಥೆ ಹೊಸೆಯಬಹುದು. ಬಾಂಡ್ ಒಬ್ಬನೇ ಮನುಷ್ಯ. ಅವನ ಸುತ್ತಲಿನ ಪಾತ್ರಗಳಾದ ಮನಿಪೆನ್ನಿಗೊಂದು ಸರಣಿ, ಕ್ಯೂಗೊಂದು ಸರಣಿ, ಫೆಲಿಕ್ಸ್ ಲೀಟರ್‌ಗೊಂದು ಸರಣಿ ಎಂದು ಹೊರಟರೆ ಆತ ಬರುವಾಗಿನ ಕುತೂಹಲವೇ ಸೋರಿಹೋಗುತ್ತದೆ. ಅಭಿಮಾನಿಗಳ ನಿಜವಾದ ಭಯ ಇದೇ, ಮತ್ತು ಅದು ಸರಿಯಾದ ಭಯ ಎಂದು ನಮ್ಮ ಎಣಿಕೆ. ಹಳೆಯ ಮನೆಯವರು ಪೂರ್ತಿ ಮಡಿವಂತರಾಗಿದ್ದರು ಎಂದೇನಲ್ಲ. 2023ರಲ್ಲಿ ಪ್ರೈಮ್‌ನಲ್ಲಿ ಬಂದ ಬಾಂಡ್ ಹೆಸರಿನ ಸ್ಪರ್ಧಾ ಕಾರ್ಯಕ್ರಮಕ್ಕೆ ಅವರೂ ಕೈಜೋಡಿಸಿದ್ದರು.

ಇನ್ನೊಂದು ಮಾತು ನಿಮ್ಮ ಜಗಳದಲ್ಲಿ ಬಂದಂತಿಲ್ಲ. ಬಾಂಡ್ ಕಥೆಗಳನ್ನು ಹಕ್ಕಿನ ವ್ಯಾಜ್ಯಗಳು ಮೊದಲಿನಿಂದಲೂ ತಿರುಗಿಸಿವೆ. 1989ರಿಂದ 1995ರವರೆಗೆ ಚಿತ್ರವೇ ಬರಲಿಲ್ಲ, ಎಂಜಿಎಂ ಮಾರಾಟದ ಸುತ್ತಲಿನ ದಾವೆ ಅದಕ್ಕೆ ದೊಡ್ಡ ಕಾರಣ. ಬಾಂಡ್ ಆಗಿ ತಿಮೋತಿ ಡಾಲ್ಟನ್ ಎರಡೇ ಚಿತ್ರಕ್ಕೆ ನಿಂತದ್ದು ಹಾಗೆ. ‘ಕ್ಯಾಸಿನೊ ರಾಯಲ್’ 2006ರಲ್ಲಿ ಸಾಧ್ಯವಾದದ್ದು 1999ರಲ್ಲಿ ಸೋನಿ ಮತ್ತು ಎಂಜಿಎಂ ರಾಜಿಯಾದದ್ದರಿಂದ. ಎಂಜಿಎಂ ಸ್ಪೈಡರ್‌ಮ್ಯಾನ್ ಮೇಲಿನ ತಕರಾರು ಬಿಟ್ಟಿತು, ಸೋನಿ ಈ ಕಾದಂಬರಿಯ ಹಕ್ಕು ಬಿಟ್ಟಿತು. ಬಾಂಡ್‌ನ ಹಳೆಯ ವೈರಿ ಬ್ಲೊಫೆಲ್ಡ್ 2015ರಲ್ಲಿ ಮರಳಿದ್ದು, 2013ರಲ್ಲಿ ‘ಥಂಡರ್‌ಬಾಲ್’ ಕಥೆಯಲ್ಲಿ ಪಾಲಿದ್ದ ಕೆವಿನ್ ಮೆಕ್ಲೋರಿ ಅವರ ವಾರಸುದಾರರೊಂದಿಗೆ ದಾವೆ ಇತ್ಯರ್ಥವಾದ ಮೇಲೆ. ಹಾಗಾಗಿ ಈಗ ಚಿತ್ರಗಳ ಎಲ್ಲ ಹಕ್ಕು ಒಂದೇ ಸೂರಿನಡಿ ಇರುವುದು ಒಂದು ಬಗೆಯಲ್ಲಿ ಒಳ್ಳೆಯದೇ.

ತಂಡವನ್ನು ನೋಡಿ: ನಿರ್ಮಾಪಕರು ಏಮಿ ಪ್ಯಾಸ್ಕಲ್ ಮತ್ತು ಡೇವಿಡ್ ಹೇಮನ್. ‘ಕ್ಯಾಸಿನೊ ರಾಯಲ್’ ಬಂದಾಗ ಪ್ಯಾಸ್ಕಲ್ ಸೋನಿಯಲ್ಲಿದ್ದರು, ಹೇಮನ್ 8 ಹ್ಯಾರಿ ಪಾಟರ್ ಚಿತ್ರಗಳನ್ನೂ ನಿರ್ಮಿಸಿದವರು. ನಿರ್ದೇಶನಕ್ಕೆ ‘ಡ್ಯೂನ್’ ಖ್ಯಾತಿಯ ಡೆನಿ ವಿಲ್ನವ್, ಬರವಣಿಗೆಗೆ ‘ಪೀಕಿ ಬ್ಲೈಂಡರ್ಸ್’ನ ಸ್ಟೀವನ್ ನೈಟ್. ಇದು ಅವಸರದವರ ಆಯ್ಕೆಯಲ್ಲ. ಮೊದಲ ಚಿತ್ರದ ಬಗ್ಗೆ ನಮಗೆ ಅಷ್ಟು ಚಿಂತೆಯಿಲ್ಲ. ಅದು ಗೆದ್ದ ಮೇಲೆ ಎರಡನೆಯದಕ್ಕೆ ಎಷ್ಟು ವರ್ಷ ಬಿಡುತ್ತಾರೆ, ನಡುವೆ ಎಷ್ಟು ಉಪಸರಣಿ ತುರುಕುತ್ತಾರೆ ಎಂಬುದರ ಮೇಲೆ ಪಣ ಕಟ್ಟಿ.

2021ರ ಚಿತ್ರದಲ್ಲಿ ಬಾಂಡ್ ಸತ್ತೇಹೋದನಲ್ಲ! ಇನ್ನು ಹೇಗೆ ಬರುತ್ತಾನೆ?
– ಅರಸೀಕೆರೆ

ಸತ್ತದ್ದು ಡೇನಿಯಲ್ ಕ್ರೇಗ್ ಅವರ ಬಾಂಡ್. ಅವರ 5 ಚಿತ್ರ ಒಂದೇ ಕಥೆ, 2006ರಲ್ಲಿ ಆತನಿಗೆ ಕೊಲ್ಲುವ ಪರವಾನಗಿ ಸಿಗುವಲ್ಲಿಂದ ಶುರು. ಅದು ಮುಗಿಯಿತು, ಹೊಸಬ ಹೊಸ ಲೆಕ್ಕ ತೆರೆಯುತ್ತಾನೆ. ಬಾಂಡ್ ಮರಳುತ್ತಾನೆ ಎಂಬ ಸಾಲು ಆ ಚಿತ್ರದ ಕೊನೆಯಲ್ಲೂ ಇದೆ. ನೀವು ಹೆಸರುಪಟ್ಟಿ ಮುಗಿಯುವ ಮೊದಲೇ ಎದ್ದಿರಬೇಕು.

ಪ್ರೈಮ್‌ನಲ್ಲಿ ಬಾಂಡ್ ಕೈಯ ಪಿಸ್ತೂಲನ್ನೇ ಅಳಿಸಿದ್ದರಂತೆ, ಹೌದೇ? ಮುಂದಿನ ಚಿತ್ರದಲ್ಲೂ ಬರಿಗೈಯೇ?
– ಕಡೂರು

ಹೌದು, 2025ರ ಅಕ್ಟೋಬರ್ ಮೊದಲ ವಾರದ ಸುದ್ದಿ. ಹಳೆಯ ಚಿತ್ರಗಳ ಪುಟ್ಟ ಪೋಸ್ಟರ್‌ಗಳಲ್ಲಿ ಪಿಸ್ತೂಲು ಅಳಿಸಿದ್ದರು, ಕೆಲವು ಕಡೆ ಚಿತ್ರವನ್ನೇ ಕತ್ತರಿಸಿದ್ದರು. ಕೈ ಮಾತ್ರ ಹಿಡಿದ ಭಂಗಿಯಲ್ಲೇ ಉಳಿದು ನೋಡಲು ವಿಚಿತ್ರವಾಗಿತ್ತು. ಅಭಿಮಾನಿಗಳು ಗದ್ದಲ ಮಾಡಿದರು, ಆ ಪೋಸ್ಟರ್‌ಗಳು ಹೋಗಿ ಚಿತ್ರದ ದೃಶ್ಯಗಳೇ ಬಂದವು. ಅಂಗಡಿಯ ಮುಂದಿನ ಬೋರ್ಡು ಬರೆಯುವವರು ಚಿತ್ರ ತೆಗೆಯುವವರಲ್ಲ. ಇದರಿಂದ ಮುಂದಿನ ಚಿತ್ರದ ಭವಿಷ್ಯ ಹೇಳಲಾಗದು. ಹಾಗೆ ನೋಡಿದರೆ ನಮ್ಮ ಸೆನ್ಸಾರ್ ಮಂಡಳಿಯೂ 2015ರ ಬಾಂಡ್ ಚಿತ್ರದ ಚುಂಬನಗಳನ್ನು ಅರ್ಧಕ್ಕೆ ಇಳಿಸಿತ್ತು!

ಬಾಂಡ್‌ನನ್ನು ಸೃಷ್ಟಿಸಿದ ಇಯಾನ್ ಫ್ಲೆಮಿಂಗ್ ಅವರ ಒಂದು ಕಾದಂಬರಿಯನ್ನು ಕನ್ನಡಕ್ಕೆ ತಂದು, ಕುವೆಂಪು ಕಲಾಮಂದಿರದಲ್ಲಿ ನಾಟಕವಾಗಿಯೂ ಆಡಬೇಕೆಂದಿದ್ದೇವೆ. ಹೊಸ ಮಾಲೀಕರ ಅನುಮತಿ ಬೇಕೇ?
– ಹವ್ಯಾಸಿ ತಂಡ, ಮೂಡಿಗೆರೆ

ಈ ಸಲದ ಅತ್ಯುತ್ತಮ ಪ್ರಶ್ನೆ. ಕಾದಂಬರಿಗೆ ಬೇಡ, ಆದರೆ ಕಾಲಿಡುವಲ್ಲಿ ಎಚ್ಚರ ಬೇಕು.

ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಲೇಖಕ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಫ್ಲೆಮಿಂಗ್ ತೀರಿಕೊಂಡದ್ದು 1964ರ ಆಗಸ್ಟ್‌ನಲ್ಲಿ. ಹಾಗಾಗಿ 2025ರ ಜನವರಿ 1ರಿಂದ, ಅವರು ಬದುಕಿದ್ದಾಗ ಅಚ್ಚಾದ ಪುಸ್ತಕಗಳು ಭಾರತದಲ್ಲಿ ಎಲ್ಲರ ಸ್ವತ್ತು. ಕೊನೆಯ ಎರಡು ಪುಸ್ತಕ ಅವರ ನಿಧನಾನಂತರ, 1965 ಮತ್ತು 1966ರಲ್ಲಿ ಬಂದವು. ಅವುಗಳ ಅವಧಿ ಎಣಿಸುವುದು ಪ್ರಕಟಣೆಯ ವರ್ಷದಿಂದ, ಮೊದಲನೆಯದಕ್ಕೆ 2025ರ ಕೊನೆಯವರೆಗೆ, ಎರಡನೆಯದಕ್ಕೆ 2026ರ ಕೊನೆಯವರೆಗೆ; ಅದು ಮುಗಿಯುವ ಮೊದಲು ಮುಟ್ಟಬೇಡಿ. ‘ಥಂಡರ್‌ಬಾಲ್’ ಕೂಡ ಬೇಡ. ಅದು ಮೆಕ್ಲೋರಿ ಮತ್ತು ಜ್ಯಾಕ್ ವಿಟಿಂಗ್‌ಹ್ಯಾಮ್ ಜೊತೆ ಸೇರಿ ಮಾಡಿದ ಚಿತ್ರಕಥೆಯಿಂದ ಬೆಳೆದ ಕಾದಂಬರಿ, ಕೋರ್ಟಿಗೂ ಹೋಗಿತ್ತು. ಮೆಕ್ಲೋರಿ ತೀರಿಕೊಂಡದ್ದು 2006ರಲ್ಲಿ. ಬೇರೆ ಲೇಖಕರು ಬರೆದ ಬಾಂಡ್ ಕಾದಂಬರಿಗಳಿಗೂ ಹಕ್ಕು ಜೀವಂತವಾಗಿದೆ.

ಯಾವ ಪ್ರತಿ ಹಿಡಿದು ಅನುವಾದಿಸುತ್ತೀರಿ ಎಂಬುದೂ ಮುಖ್ಯ. 2023ರಲ್ಲಿ ಕೆಲವು ಪದ, ಸಾಲುಗಳನ್ನು ತಿದ್ದಿದ ಹೊಸ ಆವೃತ್ತಿ ಬಂದಿದೆ. ಆ ತಿದ್ದುಪಡಿಗೆ ಹೊಸ ಹಕ್ಕು ಹೇಳಬಹುದು, ಆದ್ದರಿಂದ ಹಳೆಯ ಪ್ರತಿಯೇ ಕ್ಷೇಮ.

ಇಂಥ ಕೆಲಸ ಹೆಚ್ಚಾಗಿ ಎಡವುವುದು ಸಿನಿಮಾ ನೆನಪಿನಿಂದ. ಅನುವಾದಕ ಪುಸ್ತಕ ಬದಿಗಿಟ್ಟು ನೋಡಿದ್ದನ್ನು ಬರೆಯುತ್ತಾನೆ. ಬ್ಲೊಫೆಲ್ಡ್ ತೊಡೆಯ ಮೇಲಿನ ಬಿಳಿ ಬೆಕ್ಕು ಸಿನಿಮಾದ್ದು, ಕಾದಂಬರಿಯಲ್ಲಿಲ್ಲ. ‘ಗೋಲ್ಡ್‌ಫಿಂಗರ್’ ಚಿತ್ರದ ಕಾರು ಆಸ್ಟನ್ ಮಾರ್ಟಿನ್ ಡಿಬಿ 5, ಪುಸ್ತಕದಲ್ಲಿ ಅದಕ್ಕಿಂತ ಹಿಂದಿನ ಮಾದರಿ. ಬಂದೂಕಿನ ನಳಿಗೆಯೊಳಗಿಂದ ಕಾಣುವ ಆರಂಭ, ಆ ಪ್ರಸಿದ್ಧ ಸಂಗೀತ, ಇವೆಲ್ಲ ಚಿತ್ರದವರ ಸ್ವತ್ತು. ನಾಟಕದಲ್ಲಿ ಹಿನ್ನೆಲೆಗೆ ಆ ಟ್ಯೂನ್ ಹಾಕಿದರೆ ಅಲ್ಲಿಗೇ ಸಿಕ್ಕಿಬಿದ್ದಿರಿ. 007 ಮತ್ತು ಜೇಮ್ಸ್ ಬಾಂಡ್ ಟ್ರೇಡ್‌ಮಾರ್ಕ್‌ಗಳು ಬಾಂಡ್ ಚಿತ್ರಗಳ ಹಕ್ಕು ಹೊಂದಿರುವ ಡ್ಯಾನ್‌ಜಾಕ್ ಸಂಸ್ಥೆಯವು, ಅವಕ್ಕೆ 60 ವರ್ಷದ ಮಿತಿ ಇಲ್ಲ. ಮುಖಪುಟದಲ್ಲೂ ನಾಟಕದ ಬ್ಯಾನರ್‌ನಲ್ಲೂ ಪಿಸ್ತೂಲಿನಾಕಾರದ 007 ಬೇಡ, ಕಾದಂಬರಿಯ ಹೆಸರು ದೊಡ್ಡದಾಗಿ, ‘ಮೂಲ: ಇಯಾನ್ ಫ್ಲೆಮಿಂಗ್’ ಕೆಳಗೆ. ಒಳಪುಟಗಳಲ್ಲಿ ಪಾತ್ರದ ಹೆಸರು ಧಾರಾಳವಾಗಿ ಬರಲಿ.

ಇ-ಪುಸ್ತಕ ಮಾಡುವಿರಾದರೆ ಮಾರಾಟದ ಪ್ರದೇಶ ಭಾರತ ಮಾತ್ರ ಎಂದು ಗುರುತು ಹಾಕಿ. ಬ್ರಿಟನ್‌ನಲ್ಲಿ ಲೇಖಕರ ನಿಧನಾನಂತರ 70 ವರ್ಷ, ಅಂದರೆ 2034ರ ಕೊನೆಯವರೆಗೆ ಹಕ್ಕಿದೆ. ಅಮೆರಿಕದಲ್ಲಿ ಪ್ರಕಟಣೆಯಿಂದ 95 ವರ್ಷ. 1953ರ ‘ಕ್ಯಾಸಿನೊ ರಾಯಲ್’ ಅಲ್ಲಿ ಬಿಡುಗಡೆಯಾಗುವುದು 2049ಕ್ಕೆ. ಅಚ್ಚಿಗೆ ಹೋಗುವ ಮುನ್ನ ಕೃತಿಸ್ವಾಮ್ಯ ಬಲ್ಲ ವಕೀಲರಿಗೊಮ್ಮೆ ಹಸ್ತಪ್ರತಿ, ಮುಖಪುಟ ಎರಡನ್ನೂ ತೋರಿಸಿ.

ನಾಟಕಕ್ಕೆ ‘ಕ್ಯಾಸಿನೊ ರಾಯಲ್’ ಒಳ್ಳೆಯ ಆಯ್ಕೆ. ಬಹುಪಾಲು ಒಂದು ಹೋಟೆಲ್, ಒಂದು ಜೂಜುಕಟ್ಟೆಯ ಸುತ್ತ ನಡೆಯುತ್ತದೆ, ರಂಗಸಜ್ಜಿಕೆ ಕಡಿಮೆ. ಆದರೆ ಚಿತ್ರದಲ್ಲಿರುವ ಪೋಕರ್ ಕಾದಂಬರಿಯಲ್ಲಿಲ್ಲ, ಅಲ್ಲಿ ಬ್ಯಾಕರಾ. ಎಲೆಗಳ ಮೊತ್ತ 9ಕ್ಕೆ ಹತ್ತಿರ ಬಂದವನು ಗೆಲ್ಲುತ್ತಾನೆ, 10 ಮತ್ತು ರಾಜ-ರಾಣಿ-ಗುಲಾಮರಿಗೆ ಸೊನ್ನೆ, ಮೊತ್ತ 9 ದಾಟಿದರೆ ಬಿಡಿ ಸ್ಥಾನದ ಅಂಕಿ ಮಾತ್ರ ಲೆಕ್ಕ. ಇಸ್ಪೀಟು ಬಲ್ಲವರಿಗೆ ಎರಡು ಸಂಭಾಷಣೆಯಲ್ಲಿ ತಿಳಿಯುತ್ತದೆ. ಆ ಎರಡು ಸಂಭಾಷಣೆಯನ್ನು ಆಟ ಶುರುವಾಗುವ ಮೊದಲೇ ಇಡಿ, ನಡುವೆ ಇಟ್ಟರೆ ಬಿಗಿ ಸಡಿಲವಾಗುತ್ತದೆ.

ನಮ್ಮ ಕ್ಲಬ್ಬಿನಲ್ಲಿ ಪ್ರೊಜೆಕ್ಟರ್ ಇದೆ, ಪ್ರೈಮ್ ಚಂದಾ ಇದೆ. ಟಿಕೆಟ್ ಇಲ್ಲದೆ ಹಳೆಯ ಬಾಂಡ್ ಚಿತ್ರ ತೋರಿಸಬಹುದೇ? 60 ವರ್ಷ ದಾಟಿದವಕ್ಕೆ ಹಕ್ಕೇ ಇಲ್ಲವಲ್ಲ?
– ಸಕಲೇಶಪುರ

ತೋರಿಸಬೇಡಿ. ಆ ಚಂದಾ ಮನೆ ಬಳಕೆಗೆ, ಸಭೆಗಲ್ಲ. ಉಚಿತ ಎಂಬುದೂ ಕಾಪಾಡದು. ಹಣ ಕೊಡದ ಪ್ರೇಕ್ಷಕರ ಮುಂದೆ ಹವ್ಯಾಸಿ ಸಂಘ ಪ್ರದರ್ಶಿಸಬಹುದು ಎಂಬ ಕೃತಿಸ್ವಾಮ್ಯ ಕಾಯ್ದೆಯ ಕಲಂ 52ರ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ಕೃತಿಗಳಿಗೆ. ಸಿನಿಮಾ ಆ ಪಟ್ಟಿಯಲ್ಲಿಲ್ಲ.

60 ವರ್ಷದ ಲೆಕ್ಕ ಅರ್ಧ ಸರಿ. ಚಲನಚಿತ್ರವೆಂಬ ಕೃತಿಗೆ ಪ್ರಕಟಣೆಯ ಮರುವರ್ಷದಿಂದ 60 ವರ್ಷ. ಆದರೆ ಒಳಗಿನ ಚಿತ್ರಕಥೆ, ಸಂಗೀತಕ್ಕೆ ಅವರವರ ಆಯುಷ್ಯದ ಮೇಲೆ 60. 1964ರ ‘ಗೋಲ್ಡ್‌ಫಿಂಗರ್’ ಬರೆದವರಲ್ಲಿ ಒಬ್ಬರಾದ ರಿಚರ್ಡ್ ಮೇಬಾಮ್ ತೀರಿಕೊಂಡದ್ದು 1991ರಲ್ಲಿ, ಸಂಗೀತದ ಜಾನ್ ಬ್ಯಾರಿ 2011ರಲ್ಲಿ. ಕೂಡಿಸಿ ನೋಡಿ. ತೋರಿಸಲೇಬೇಕಿದ್ದರೆ ಹಕ್ಕುದಾರರ ಪರವಾನಗಿ ಪಡೆಯಿರಿ. ಚಿತ್ರದ ಹೆಸರು, ಸ್ಥಳ, ದಿನಾಂಕ, ಆಸನ ಸಂಖ್ಯೆ, ಟಿಕೆಟ್ ಇದೆಯೇ ಇಲ್ಲವೇ, ಇಷ್ಟನ್ನು ಪತ್ರದಲ್ಲಿ ಬರೆಯಿರಿ. ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರವಿರುವ ಪ್ರತಿಯೇ ಬೇಕು.

ಬಾಂಡ್ ಹೋಗಲಿ ಬಿಡಿ, ನಮ್ಮ ಅಣ್ಣಾವ್ರ ಸಿಐಡಿ 999 ಯಾರದು? ಅದನ್ನು ಮುಂದುವರಿಸಬಾರದೇ?
– ಬೇಲೂರು

ಕೇಳಿದ್ದಕ್ಕೆ ಸಂತೋಷ. ಈ ಪಾತ್ರದ ಮೊದಲ ಚಿತ್ರ, ದೊರೆ-ಭಗವಾನ್ ಜೋಡಿಯ ‘ಜೇಡರ ಬಲೆ’ 1968ರದು. ಭಾರತದಲ್ಲಿ ಸಿನಿಮಾದ ಹಕ್ಕು ಮೊದಲಿಗೆ ನಿರ್ಮಾಪಕರದು, ಆಮೇಲೆ ಅವರು ಯಾರಿಗೆ ಬರೆದುಕೊಟ್ಟರೋ ಅವರದು. ಚಿತ್ರದ ಅವಧಿ 2028ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಹಾಗೆಂದು 2029ರ ಜನವರಿಯಲ್ಲಿ ಹಾಡು ಸಮೇತ ಎತ್ತಿಕೊಳ್ಳುವಂತಿಲ್ಲ. ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್ ತೀರಿಕೊಂಡದ್ದು 1993ರಲ್ಲಿ, ಅವರ ಸಂಗೀತಕ್ಕೆ 2053ರ ಕೊನೆಯವರೆಗೆ ಹಕ್ಕು. ಕಥೆ, ಸಾಹಿತ್ಯಕ್ಕೂ ಬರೆದವರ ಲೆಕ್ಕವೇ. ಇದೇ ಪಾತ್ರದ ಕೊನೆಯ ಚಿತ್ರ 1978ರದು, ಅದರ ಅವಧಿ ಇನ್ನೂ 10 ವರ್ಷ ಮುಂದಕ್ಕೆ.

ಮುಂದುವರಿಸಬೇಕೆನ್ನುವವರು ನಾಲ್ಕೂ ಚಿತ್ರಗಳ ಹಕ್ಕುಪತ್ರ ಬೇರೆ ಬೇರೆಯಾಗಿ ಹುಡುಕಬೇಕು. ಟಿವಿ ಪ್ರಸಾರದ ಹಕ್ಕು ಕೊಂಡವರ ಬಳಿ ಪಾತ್ರ ಬಳಸುವ ಹಕ್ಕು ಇರಲೇಬೇಕೆಂದಿಲ್ಲ. ಕರಾರಿನಲ್ಲಿ ‘ಪುನರ್ನಿರ್ಮಾಣ’, ‘ಮುಂದುವರಿದ ಭಾಗ’ ಎಂಬ ಮಾತು ಇದೆಯೇ ಎಂದು ಮೊದಲು ನೋಡಿ. ಹಳೆಯ ಕರಾರುಗಳಲ್ಲಿ ಆ ಮಾತು ಇಲ್ಲದೆಯೂ ಇರಬಹುದು. ಆಗ ಮೂಲ ನಿರ್ಮಾಪಕರ ವಾರಸುದಾರರ ಮನೆಗೇ ಹೋಗಬೇಕಾಗುತ್ತದೆ.